ರಂಧ್ರ ಕೊರೆಯುವ ಅಮೀಬಾ: ಬಾಯಿಯ ದಾರಿ, ಮೂಗಿನ ದಾರಿ

ಮುಂಬಯಿ ಕನ್ನಡಿಗರ ಮನೆಗಳಲ್ಲಿ 'ಅಮೀಬಿಯಾಸಿಸ್' ಎಂಬ ಪದವನ್ನು ಕೇಳದವರು ವಿರಳ. ಮಳೆಗಾಲದಲ್ಲಿ ಹೊಟ್ಟೆ ಕೆಟ್ಟರೆ ಸಾಕು, ವೈದ್ಯರಿಗಿಂತ ಮೊದಲು ನೆರೆಮನೆಯವರೇ ಈ ಹೆಸರನ್ನು ಹೇಳಿಬಿಡುತ್ತಾರೆ. ಔಷಧದ ಅಂಗಡಿಯಿಂದ ನಾಲ್ಕು ಮಾತ್ರೆಗಳೂ ಬಂದುಬಿಡುತ್ತವೆ. ಇತ್ತೀಚಿನ ವರ್ಷಗಳಲ್ಲಿ ಇದೇ ಅಮೀಬಾ ಎಂಬ ಪದ ಬೇರೊಂದು ಭಯವನ್ನೂ ಹೊತ್ತು ತಂದಿದೆ. 2024ರಲ್ಲಿ ಹಾಗೂ 2025ರಲ್ಲಿ ಕೇರಳದಿಂದ ಬಂದ 'ಮೆದುಳು ತಿನ್ನುವ ಅಮೀಬಾ'ದ ಸುದ್ದಿಗಳನ್ನು ಓದಿದ ಅನೇಕ ಹೆತ್ತವರು, ರಜೆಯಲ್ಲಿ ಊರಿಗೆ ಹೋದ ಮಕ್ಕಳನ್ನು ಕೆರೆಗೆ ಇಳಿಸಬಹುದೇ, ಬಾವಿಯ ನೀರು ಕುಡಿಸಬಹುದೇ ಎಂದು ಕೇಳತೊಡಗಿದ್ದಾರೆ.

ಹೊಟ್ಟೆಯ ಅಮೀಬಾ ಮತ್ತು ಮೆದುಳಿನ ಅಮೀಬಾ ಒಂದೇ ಅಲ್ಲ. ಅವು ದೇಹವನ್ನು ಪ್ರವೇಶಿಸುವ ದಾರಿ ಬೇರೆ, ತರುವ ರೋಗ ಬೇರೆ, ಅವುಗಳಿಂದ ರಕ್ಷಿಸಿಕೊಳ್ಳುವ ಕ್ರಮವೂ ಬೇರೆ. ಆದರೂ ಎರಡರ ಕೈಯಲ್ಲಿಯೂ ಒಂದೇ ಬಗೆಯ ಆಯುಧವಿದೆ. ಜೀವಕೋಶದ ಪೊರೆಯಲ್ಲಿ ರಂಧ್ರವನ್ನು ಕೊರೆಯುವ ಪುಟ್ಟ ಪ್ರೋಟೀನುಗಳೇ ಆ ಆಯುಧ. ಈ ಆಯುಧದ ಸ್ವರೂಪವನ್ನು ಅರಿತರೆ ರೋಗದ ಸ್ವರೂಪವೂ, ನಾವು ಎಲ್ಲಿ ಎಚ್ಚರ ವಹಿಸಬೇಕು ಎಂಬುದೂ ಸ್ಪಷ್ಟವಾಗುತ್ತದೆ. ಅದನ್ನು ಸಾಧ್ಯವಾದಷ್ಟು ಸರಳವಾಗಿ ವಿವರಿಸುವುದು ಈ ಲೇಖನದ ಉದ್ದೇಶ.

ಬೈಕುಲ್ಲಾದ ಪರಂಪರೆ

ರೋಗಾಣುಗಳ ಕುರಿತು ಮಾತನಾಡಲು ಬೈಕುಲ್ಲಾಕ್ಕಿಂತ ತಕ್ಕ ಸ್ಥಳ ಈ ಮಹಾನಗರದಲ್ಲಿ ದೊರೆಯುವುದು ಕಷ್ಟ. 1845ರಲ್ಲಿ ಇಲ್ಲಿ ಗ್ರಾಂಟ್ ವೈದ್ಯಕೀಯ ಮಹಾವಿದ್ಯಾಲಯ ಹಾಗೂ ಸರ್ ಜೆ. ಜೆ. ಆಸ್ಪತ್ರೆ ಆರಂಭವಾದವು. 'ಗ್ರೇಸ್ ಅನಾಟಮಿ' ಎಂಬ ಜಗತ್ಪ್ರಸಿದ್ಧ ಗ್ರಂಥಕ್ಕೆ ಚಿತ್ರಗಳನ್ನು ಬರೆದ ಹೆನ್ರಿ ವ್ಯಾಂಡೈಕ್ ಕಾರ್ಟರ್ 1858ರಲ್ಲಿ ಮುಂಬಯಿಗೆ ಬಂದು ಇದೇ ಮಹಾವಿದ್ಯಾಲಯದಲ್ಲಿ ಬೋಧಿಸಿದರು. 1870ರ ದಶಕದಲ್ಲಿ ಮರುಕಳಿಸುವ ಜ್ವರದ ರೋಗಿಗಳ ರಕ್ತವನ್ನು ಸೂಕ್ಷ್ಮದರ್ಶಕದಡಿ ಇಟ್ಟು ಅದರಲ್ಲಿನ ಸುರುಳಿ ಜೀವಾಣುಗಳನ್ನು ಕಂಡರು. 1896ರಲ್ಲಿ ಪ್ಲೇಗ್ ನಗರವನ್ನು ಆವರಿಸಿದಾಗ ವಾಲ್ಡೆಮಾರ್ ಹಾಫ್‌ಕಿನ್ ಇದೇ ಆವರಣದ ಚಿಕ್ಕ ಕೊಠಡಿಯೊಂದರಲ್ಲಿ ಲಸಿಕೆ ಸಿದ್ಧಪಡಿಸಿ, 1897ರ ಜನವರಿ 10ರಂದು ಮೊದಲು ತಮ್ಮ ದೇಹಕ್ಕೇ ಚುಚ್ಚಿಸಿಕೊಂಡರು. ಅದೇ ತಿಂಗಳಲ್ಲಿ ಬೈಕುಲ್ಲಾ ಸೆರೆಮನೆಯ ಸ್ವಯಂಸೇವಕ ಕೈದಿಗಳ ಮೇಲೆ ಅದರ ಪರೀಕ್ಷೆ ನಡೆಯಿತು.

ಅಂದಿನ ವೈದ್ಯರಿಗೆ ಪ್ಲೇಗಿನಷ್ಟೇ ಪರಿಚಿತವಾದ ಇನ್ನೊಂದು ಕಾಯಿಲೆ ಆಮಶಂಕೆ ಮತ್ತು ಅದರ ಬೆನ್ನಿಗೆ ಬರುತ್ತಿದ್ದ ಯಕೃತ್ತಿನ ಕೀವುಗಡ್ಡೆ. 1875ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಫ್ಯೋಡೊರ್ ಲೋಶ್ ಎಂಬ ವೈದ್ಯರು ತೀವ್ರ ಆಮಶಂಕೆಯ ರೋಗಿಯೊಬ್ಬನ ಮಲದಲ್ಲಿ ಚಲಿಸುವ ಅಮೀಬಾಗಳನ್ನು ಕಂಡು ವರದಿ ಮಾಡಿದರು. 1903ರಲ್ಲಿ ಜರ್ಮನಿಯ ಫ್ರಿಟ್ಸ್ ಶೌಡಿನ್ ಅದಕ್ಕೆ 'ಎಂಟಮೀಬಾ ಹಿಸ್ಟೊಲಿಟಿಕಾ' ಎಂದು ಹೆಸರಿಟ್ಟರು. ಹಿಸ್ಟೊಲಿಟಿಕಾ ಎಂದರೆ ಅಂಗಾಂಶವನ್ನು ಕರಗಿಸುವಂಥದು. ಕರಗಿಸುತ್ತದೆ ಎಂಬುದು ಎಲ್ಲರಿಗೂ ಕಾಣುತ್ತಿತ್ತು. ಹೇಗೆ ಕರಗಿಸುತ್ತದೆ ಎಂಬ ಪ್ರಶ್ನೆಗೆ ಉತ್ತರ ದೊರೆಯತೊಡಗಲು ಮತ್ತೆ ಎಂಟು ದಶಕಗಳು ಬೇಕಾದವು.

ದೋಣಿಯ ತಳದ ತೂತು

ಅಮೀಬಾ ಒಂದೇ ಜೀವಕೋಶದ ಜೀವಿ. ಅದಕ್ಕೆ ನಿಶ್ಚಿತ ಆಕಾರವಿಲ್ಲ. ದೇಹದ ಒಂದು ಭಾಗವನ್ನು ಮುಂದಕ್ಕೆ ಚಾಚಿ, ಉಳಿದ ಭಾಗವನ್ನು ಅದರೊಳಗೆ ಹರಿಸಿಕೊಂಡು ಮುಂದೆ ಸಾಗುತ್ತದೆ. ಎಂಟಮೀಬಾ ಹಿಸ್ಟೊಲಿಟಿಕಾಕ್ಕೆ ಎರಡು ರೂಪಗಳಿವೆ. ಕರುಳಿನಲ್ಲಿ ಚಲಿಸುತ್ತ, ಉಣ್ಣುತ್ತ ಬದುಕುವುದು ಒಂದು ರೂಪ. ಗಟ್ಟಿ ಕವಚವನ್ನು ಹೊದ್ದು, ಮಲದೊಂದಿಗೆ ಹೊರಬಿದ್ದು, ತೇವವಿರುವ ಕಡೆ ವಾರಗಟ್ಟಲೆ ಕಾಯುತ್ತ ಇರುವುದು ಇನ್ನೊಂದು ರೂಪ; ಇದನ್ನು ಸಿಸ್ಟ್ ಎನ್ನುತ್ತಾರೆ. ಅದರ ಗಾತ್ರ ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು. ರೋಗ ಒಬ್ಬರಿಂದೊಬ್ಬರಿಗೆ ದಾಟುವುದು ಈ ಸಿಸ್ಟ್‌ನ ಮೂಲಕ.

ಈಗ ಜೀವಕೋಶದ ಪೊರೆಯನ್ನು ಗಮನಿಸೋಣ. ನಮ್ಮ ದೇಹದ ಪ್ರತಿಯೊಂದು ಜೀವಕೋಶವನ್ನೂ ಎರಡು ಪದರದ ಜಿಡ್ಡಿನ ತೆಳು ಹಾಳೆಯೊಂದು ಸುತ್ತುವರಿದಿದೆ. ಇದರ ದಪ್ಪ ಮಿಲಿಮೀಟರಿನ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು ಐದು ಭಾಗ. ಇಷ್ಟು ತೆಳುವಾದರೂ ಅದು ಜೀವ ಮತ್ತು ನಿರ್ಜೀವದ ನಡುವಿನ ಗಡಿ. ಒಳಗೆ ಪೊಟ್ಯಾಸಿಯಂ ಹೆಚ್ಚು, ಹೊರಗೆ ಸೋಡಿಯಂ ಮತ್ತು ಕ್ಯಾಲ್ಸಿಯಂ ಹೆಚ್ಚು. ಈ ಅಂತರವನ್ನು ಕಾಯ್ದುಕೊಳ್ಳಲು ಜೀವಕೋಶ ತನ್ನ ಶಕ್ತಿಯ ದೊಡ್ಡ ಪಾಲನ್ನು ಹಗಲಿರುಳು ವ್ಯಯಿಸುತ್ತದೆ.

ಕರಾವಳಿಯಿಂದ ಬಂದ ನಮ್ಮವರಿಗೆ ದೋಣಿಯ ಉಪಮೆ ಸುಲಭವಾಗಿ ಅರ್ಥವಾದೀತು. ದೋಣಿಯ ಹಲಗೆಗಳು ಗಟ್ಟಿಯಾಗಿರುವವರೆಗೆ ಸಮುದ್ರ ಹೊರಗೇ ಇರುತ್ತದೆ. ತಳದಲ್ಲಿ ತೂತು ಬಿದ್ದರೆ ಯಾರೂ ದೋಣಿಯನ್ನು ಮುಳುಗಿಸಬೇಕಾಗಿಲ್ಲ. ನೀರೇ ಆ ಕೆಲಸವನ್ನು ಮಾಡುತ್ತದೆ. ಜೀವಕೋಶದ ಪೊರೆಯಲ್ಲಿ ರಂಧ್ರಗಳಾದಾಗ ನಡೆಯುವುದೂ ಇದೇ. ಪೊಟ್ಯಾಸಿಯಂ ಹೊರಗೆ ಸೋರುತ್ತದೆ, ಸೋಡಿಯಂ ಮತ್ತು ಕ್ಯಾಲ್ಸಿಯಂ ಒಳನುಗ್ಗುತ್ತವೆ, ಅವುಗಳ ಹಿಂದೆ ನೀರೂ ನುಗ್ಗುತ್ತದೆ. ಜೀವಕೋಶ ಉಬ್ಬಿ ಸಾಯುತ್ತದೆ.

1982ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಕಾರ್ಲೊಸ್ ಗಿಟ್ಲರ್ ಮತ್ತು ಸಂಗಡಿಗರು, ಹಾಗೆಯೇ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಸಂಶೋಧಕರ ತಂಡ, ಈ ಅಮೀಬಾದಲ್ಲಿ ಪೊರೆಗೆ ರಂಧ್ರ ಕೊರೆಯುವ ಪ್ರೋಟೀನ್ ಇರುವುದನ್ನು ಬೇರೆಬೇರೆಯಾಗಿ ತೋರಿಸಿದರು. 1991ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಮತ್ತಿಯಾಸ್ ಲೈಪೆ ಮತ್ತು ಸಹೋದ್ಯೋಗಿಗಳು ಅದರ ಘಟಕಗಳ ಕ್ರಮವನ್ನು ಬಿಡಿಸಿದರು. ಅದು ಕೇವಲ 77 ಅಮೈನೋ ಆಮ್ಲಗಳಿಂದ ಕಟ್ಟಿದ ಪುಟ್ಟ ಪ್ರೋಟೀನ್. ರಂಧ್ರವನ್ನುಂಟುಮಾಡುವ ಕಾರಣ ಅದಕ್ಕೆ 'ಅಮೀಬಾಪೋರ್' ಎಂಬ ಹೆಸರು ಬಂತು. ಇದರಲ್ಲಿ ಎ, ಬಿ, ಸಿ ಎಂಬ ಮೂರು ಬಗೆಗಳಿದ್ದು, ಎ ಬಗೆಯದೇ ಅತ್ಯಧಿಕ. ಪ್ರತಿಯೊಂದನ್ನೂ ಗಂಧಕದ ಮೂರು ಸೇತುಗಳು ಬಿಗಿದು ಕಟ್ಟಿರುವುದರಿಂದ ಅದು ಸುಲಭವಾಗಿ ಮುರಿಯುವುದಿಲ್ಲ.

ಅಮೀಬಾ ಈ ಪ್ರೋಟೀನನ್ನು ತನ್ನ ದೇಹದೊಳಗಿನ ಸೂಕ್ಷ್ಮ ಕಣಗಳಲ್ಲಿ ತುಂಬಿಟ್ಟುಕೊಂಡಿರುತ್ತದೆ. ಬಿಡಿಯಾಗಿರುವಾಗ ಅದು ನಿಷ್ಕ್ರಿಯ. ಸುತ್ತಲಿನ ದ್ರವ ಹುಳಿಯಾದಾಗ, ಅಂದರೆ ಆಮ್ಲೀಯವಾದಾಗ, ಎರಡೆರಡು ಅಣುಗಳು ಜೋಡಿಗೂಡುತ್ತವೆ. ಅಂತಹ ಜೋಡಿಗಳು ಪೊರೆಯನ್ನು ಹೊಕ್ಕು ವರ್ತುಲಾಕಾರವಾಗಿ ನಿಲ್ಲುತ್ತವೆ. ವರ್ತುಲದ ನಡುವಿನ ಖಾಲಿ ಜಾಗವೇ ರಂಧ್ರ. 2004ರಲ್ಲಿ ಅಮೀಬಾಪೋರ್ ಎ ಯ ಮೂರು ಆಯಾಮಗಳ ರಚನೆ ಪ್ರಕಟವಾದಾಗ, ಆಮ್ಲವನ್ನು ಗುರುತಿಸಿ ಈ ಜೋಡಣೆಗೆ ಚಾಲನೆ ನೀಡುವ ಕೀಲಿ ಒಂದೇ ಒಂದು ಅಮೈನೋ ಆಮ್ಲದಲ್ಲಿದೆ ಎಂಬುದೂ ತಿಳಿದುಬಂತು.

ನಮಗಾಗಿ ಮಾಡಿದ ಆಯುಧವಲ್ಲ

ಇಲ್ಲಿ ಒಂದು ಪ್ರಶ್ನೆ ಸಹಜವಾಗಿ ಏಳುತ್ತದೆ. ಮನುಷ್ಯನನ್ನು ಕೊಲ್ಲುವುದರಿಂದ ಅಮೀಬಾಕ್ಕೆ ಲಾಭವೇನು? ಲಾಭವೇನೂ ಇಲ್ಲ. ಮನೆ ಉರಿದರೆ ಬಾಡಿಗೆದಾರನೂ ಬೀದಿಗೆ ಬರುತ್ತಾನೆ. ಅಮೀಬಾಪೋರ್‌ನ ಮೂಲ ಕಾರ್ಯ ಅಡುಗೆಮನೆಯದು. ಕರುಳಿನಲ್ಲಿರುವ ಅಸಂಖ್ಯ ಬ್ಯಾಕ್ಟೀರಿಯಾಗಳೇ ಈ ಅಮೀಬಾದ ಊಟ. ಬ್ಯಾಕ್ಟೀರಿಯಾವನ್ನು ನುಂಗಿದ ಮೇಲೆ ಅದನ್ನು ಒಂದು ಚೀಲದಲ್ಲಿಟ್ಟು, ಚೀಲವನ್ನು ಆಮ್ಲೀಯಗೊಳಿಸಿ, ಅದರೊಳಕ್ಕೆ ಅಮೀಬಾಪೋರ್ ಸುರಿದು ಕೊಲ್ಲುತ್ತದೆ; ಅನಂತರ ಜೀರ್ಣಿಸಿಕೊಳ್ಳುತ್ತದೆ. ಅಮೀಬಾ ತನ್ನದೇ ಆಯುಧಕ್ಕೆ ತಾನೇ ಬಲಿಯಾಗದಿರುವುದಕ್ಕೆ ಅದರ ಪೊರೆಯಲ್ಲಿನ ಜಿಡ್ಡಿನ ಪದಾರ್ಥಗಳ ವಿಶಿಷ್ಟ ಮಿಶ್ರಣವೇ ಒಂದು ಮುಖ್ಯ ಕಾರಣ.

ಇನ್ನೂ ಆಶ್ಚರ್ಯದ ಸಂಗತಿಯೊಂದಿದೆ. ಇದೇ ಕುಟುಂಬದ ಪ್ರೋಟೀನ್ ನಮ್ಮ ದೇಹದಲ್ಲಿಯೂ ಇದೆ. ನಮ್ಮ ರಕ್ತದ ಕೆಲವು ಬಿಳಿ ಕಣಗಳು 'ಗ್ರಾನುಲೈಸಿನ್' ಎಂಬ ಪ್ರೋಟೀನನ್ನು ಕಣಗಳಲ್ಲಿ ತುಂಬಿಟ್ಟುಕೊಂಡು, ರೋಗಾಣುಗಳ ಪೊರೆಯನ್ನು ಕೆಡಿಸಲು ಬಳಸುತ್ತವೆ. ಅದು ಕ್ಷಯರೋಗದ ಬ್ಯಾಕ್ಟೀರಿಯಾವನ್ನೂ ಕೊಲ್ಲಬಲ್ಲುದೆಂದು 1998ರಲ್ಲಿ ತೋರಿಸಲಾಯಿತು. ಅಮೀಬಾ ನಮ್ಮ ಮೇಲೆ ಪ್ರಯೋಗಿಸುವ ಆಯುಧದ ಬಂಧುವೇ ನಮ್ಮ ರಕ್ಷಣಾ ಪಡೆಯ ಬತ್ತಳಿಕೆಯಲ್ಲಿಯೂ ಇದೆ ಎಂದಾಯಿತು.

ಆಯುಧವೊಂದೇ ರೋಗವನ್ನುಂಟುಮಾಡುವುದಿಲ್ಲ ಎಂಬುದಕ್ಕೆ ಇನ್ನೊಂದು ಸಾಕ್ಷಿ 'ಎಂಟಮೀಬಾ ಡಿಸ್ಪಾರ್'. ಸೂಕ್ಷ್ಮದರ್ಶಕದಲ್ಲಿ ಇದು ಹಿಸ್ಟೊಲಿಟಿಕಾದಂತೆಯೇ ಕಾಣುತ್ತದೆ. ಇದರಲ್ಲಿಯೂ ಅಮೀಬಾಪೋರ್ ಇದೆ. ಆದರೂ ಇದು ಸಾಮಾನ್ಯವಾಗಿ ಯಾವ ತೊಂದರೆಯನ್ನೂ ಕೊಡದೆ ಕರುಳಿನಲ್ಲಿ ವಾಸಿಸಿ ಹೋಗುತ್ತದೆ. ಇವೆರಡೂ ಬೇರೆ ಬೇರೆ ಪ್ರಭೇದಗಳೆಂದು ಫ್ರಾನ್ಸಿನ ಎಮಿಲ್ ಬ್ರುಂಪ್ಟ್ 1925ರಲ್ಲಿಯೇ ಹೇಳಿದ್ದರು; ವಿಜ್ಞಾನಲೋಕ ಅದನ್ನು ವಿಧಿವತ್ತಾಗಿ ಒಪ್ಪಿದ್ದು 1993ರಲ್ಲಿ. ಮಲಪರೀಕ್ಷೆಯ ವರದಿಯಲ್ಲಿ 'ಸಿಸ್ಟ್ ಇದೆ' ಎಂದು ಬರೆದ ಮಾತ್ರಕ್ಕೆ ರೋಗವಿದೆ ಎಂದು ನಾವೇ ನಿರ್ಧರಿಸಿ ಮಾತ್ರೆ ನುಂಗಬಾರದು ಎನ್ನುವುದು ಇದೇ ಕಾರಣಕ್ಕೆ.

ಹಾಗಾದರೆ ರೋಗ ಬರುವುದು ಹೇಗೆ? ಹಿಸ್ಟೊಲಿಟಿಕಾ ಮೊದಲು ತನ್ನ ಮೇಲ್ಮೈಯ ಅಂಟು ಪ್ರೋಟೀನಿನಿಂದ ಕರುಳಿನ ಜೀವಕೋಶವನ್ನು ಹಿಡಿದುಕೊಳ್ಳುತ್ತದೆ. ಪ್ರೋಟೀನುಗಳನ್ನು ಕತ್ತರಿಸುವ ಕಿಣ್ವಗಳಿಂದ ಲೋಳೆಯನ್ನೂ ಅಂಗಾಂಶವನ್ನೂ ಸಡಿಲಗೊಳಿಸುತ್ತದೆ. ಅದು ಕೊಲ್ಲುವುದು ಮುಟ್ಟಿಯೇ. ದೂರದಿಂದ ವಿಷ ಉಗುಳುವ ಅಭ್ಯಾಸ ಅದಕ್ಕಿಲ್ಲ. 2014ರಲ್ಲಿ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಮತ್ತೊಂದು ವಿಧಾನವನ್ನು ತೋರಿಸಿದರು. ಅಮೀಬಾ ಜೀವಂತ ಜೀವಕೋಶವನ್ನು ಚೂರುಚೂರಾಗಿ ಕಚ್ಚಿ ತಿನ್ನುತ್ತದೆ. ಕೆಲವು ಕಡಿತಗಳ ನಂತರ ಆ ಜೀವಕೋಶ ಸಾಯುತ್ತದೆ.

ಈ ಎಲ್ಲದರ ನಡುವೆ ಅಮೀಬಾಪೋರ್‌ನ ಪಾಲೆಷ್ಟು? ವೈಜ್‌ಮನ್ ಸಂಸ್ಥೆಯ ಡೇವಿಡ್ ಮಿರೆಲ್‌ಮನ್ ಅವರ ತಂಡ ಅಮೀಬಾಪೋರ್ ಎ ಯನ್ನು ತಯಾರಿಸುವ ವಂಶವಾಹಿಯನ್ನು ಮೌನಗೊಳಿಸಿತು. ಆ ಅಮೀಬಾಗಳ ಆಕ್ರಮಣಶಕ್ತಿ ಬಹಳವಾಗಿ ಕುಂದಿತು. 2004ರ ಪ್ರಯೋಗವೊಂದರಲ್ಲಿ, ಇಂತಹ ಅಮೀಬಾಗಳು ಇಲಿಗಳಲ್ಲಿ ಕಸಿಮಾಡಿದ ಮಾನವ ಕರುಳಿನ ಅಂಗಾಂಶವನ್ನು ಕೆಡಿಸಿದರೂ, ಯಕೃತ್ತಿನಲ್ಲಿ ಕೀವುಗಡ್ಡೆಯನ್ನುಂಟುಮಾಡುವ ಅವುಗಳ ಶಕ್ತಿ ಕುಂದಿತ್ತು. ಕರುಳನ್ನು ಕೆಡಿಸಲು ಅಮೀಬಾಕ್ಕೆ ಬೇರೆ ಉಪಾಯಗಳಿವೆ. ಯಕೃತ್ತನ್ನು ಪೂರ್ಣ ಬಲದಿಂದ ಕೆಡಿಸಲು ಮಾತ್ರ ಅಮೀಬಾಪೋರ್ ಬೇಕೆಂದು ಇದರಿಂದ ತಿಳಿಯುತ್ತದೆ.

ಬಾಯಿಯ ದಾರಿ: ಕರುಳಿನಿಂದ ಯಕೃತ್ತಿಗೆ

ಸೋಂಕಿತರಲ್ಲಿ ಹತ್ತರಲ್ಲಿ ಒಂಬತ್ತು ಮಂದಿಗೆ ಯಾವ ಲಕ್ಷಣವೂ ಇರುವುದಿಲ್ಲ. ಉಳಿದವರಲ್ಲಿ ದೊಡ್ಡ ಕರುಳಿನ ಒಳಗೋಡೆಯಲ್ಲಿ ಹುಣ್ಣಾಗಿ, ಹೊಟ್ಟೆ ಮುರಿತ, ರಕ್ತ ಮತ್ತು ಲೋಳೆ ಮಿಶ್ರಿತ ಭೇದಿ ಕಾಣಿಸುತ್ತದೆ. ಕೆಲವರಲ್ಲಿ ಅಮೀಬಾ ಕರುಳಿನ ರಕ್ತನಾಳವನ್ನು ಹೊಕ್ಕು ಯಕೃತ್ತನ್ನು ಸೇರುತ್ತದೆ. ಅಲ್ಲಿ ಜೀವಕೋಶಗಳು ಸತ್ತು ಕಂದುಬಣ್ಣದ ದ್ರವ ತುಂಬಿದ ಗಡ್ಡೆಯಾಗುತ್ತದೆ. ಇದು ಹೆಚ್ಚಾಗಿ ಯಕೃತ್ತಿನ ಬಲಭಾಗದಲ್ಲಿ ಕಾಣಿಸುತ್ತದೆ. ಪ್ರೌಢ ವಯಸ್ಸಿನ ಗಂಡಸರಲ್ಲಿ ಇದು ಹೆಂಗಸರಿಗಿಂತ ಹಲವು ಪಟ್ಟು ಹೆಚ್ಚು; ಮದ್ಯಪಾನಿಗಳಲ್ಲಿ ಇನ್ನೂ ಹೆಚ್ಚು.

ಕುಟುಂಬದವರು ನೆನಪಿಡಬೇಕಾದ ಅಂಶವೊಂದಿದೆ. ಯಕೃತ್ತಿನ ಗಡ್ಡೆ ಇರುವ ಬಹಳಷ್ಟು ರೋಗಿಗಳಿಗೆ ಆ ಹೊತ್ತಿನಲ್ಲಿ ಭೇದಿ ಇರುವುದೇ ಇಲ್ಲ; ಮಲಪರೀಕ್ಷೆಯಲ್ಲಿಯೂ ಏನೂ ಸಿಗದಿರಬಹುದು. ಸೋಂಕು ತಗಲಿ ವಾರಗಳು, ಕೆಲವೊಮ್ಮೆ ತಿಂಗಳುಗಳು ಕಳೆದಿರುತ್ತವೆ. ಜ್ವರ, ಬಲಪಕ್ಕೆಯ ಕೆಳಗೆ ನೋವು, ಉಸಿರೆಳೆದಾಗ ಹೆಚ್ಚಾಗುವ ನೋವು, ಕೆಲವೊಮ್ಮೆ ಬಲಭುಜದಲ್ಲಿ ನೋವು, ಹಸಿವಿಲ್ಲದಿರುವುದು, ತೂಕ ಇಳಿಯುವುದು ಇವೇ ಲಕ್ಷಣಗಳು. ದುಡಿಯುವ ಗಂಡಸು ಇದನ್ನು 'ಗ್ಯಾಸ್' ಎಂದೋ, ಭಾರ ಎತ್ತಿದ್ದರಿಂದ ಬಂದ ನೋವೆಂದೋ ತಳ್ಳಿಹಾಕಿ ದಿನ ದೂಡುತ್ತಾನೆ. ಗಡ್ಡೆ ಎದೆಗೂಡಿನೊಳಕ್ಕೋ ಹೊಟ್ಟೆಯೊಳಕ್ಕೋ ಒಡೆದರೆ ಜೀವಕ್ಕೆ ಅಪಾಯ. ಅದೇ, ವೇಳೆಗೆ ಸರಿಯಾಗಿ ಹೊಟ್ಟೆಯ ಸೋನೋಗ್ರಫಿ ಮತ್ತು ರಕ್ತಪರೀಕ್ಷೆ ಮಾಡಿಸಿದರೆ ಬಹುತೇಕ ಎಲ್ಲರೂ ಗುಣವಾಗುತ್ತಾರೆ.

ಚಿಕಿತ್ಸೆಯ ಚರಿತ್ರೆಯಲ್ಲಿ ಭಾರತಕ್ಕೆ ಗೌರವದ ಸ್ಥಾನವಿದೆ. 1912ರಲ್ಲಿ ಕಲ್ಕತ್ತೆಯಲ್ಲಿ ಲಿಯೊನಾರ್ಡ್ ರೋಜರ್ಸ್ ಅವರು ಎಮೆಟಿನ್ ಚುಚ್ಚುಮದ್ದಿನಿಂದ ಅಮೀಬಾ ರೋಗವನ್ನು ಗುಣಪಡಿಸಬಹುದೆಂದು ತೋರಿಸಿದರು. ಎಮೆಟಿನ್ ಹೃದಯಕ್ಕೆ ಭಾರವಾದ ಔಷಧ. 1960ರ ದಶಕದಲ್ಲಿ ಬಂದ ಮೆಟ್ರೊನಿಡಜೋಲ್ ಅದರ ಸ್ಥಾನವನ್ನು ಪಡೆಯಿತು. ಇಂದು ಮನೆಮನೆಯಲ್ಲಿಯೂ ಪರಿಚಿತವಾದ ಔಷಧವಿದು. ಪರಿಚಯ ಹೆಚ್ಚಾದ ಕಾರಣಕ್ಕೇ ಅದನ್ನು ಅರ್ಧಂಬರ್ಧ ನುಂಗಿ ಬಿಡುವ ಅಭ್ಯಾಸವೂ ಹೆಚ್ಚಿದೆ. ಮೆಟ್ರೊನಿಡಜೋಲ್ ಅಂಗಾಂಶದೊಳಗಿನ ಅಮೀಬಾವನ್ನು ಕೊಲ್ಲುತ್ತದೆ. ಕರುಳಿನ ಟೊಳ್ಳಿನಲ್ಲಿ ಉಳಿದುಕೊಂಡ ಸಿಸ್ಟ್‌ಗಳನ್ನು ಪೂರ್ತಿಯಾಗಿ ನಿವಾರಿಸುವುದಿಲ್ಲ. ಆದ್ದರಿಂದಲೇ ವೈದ್ಯರು ಅದರ ನಂತರ ಡೈಲಾಕ್ಸನೈಡ್‌ನಂತಹ ಎರಡನೆಯ ಔಷಧವನ್ನು ಬರೆದುಕೊಡುತ್ತಾರೆ. ಜ್ವರ ಬಿಟ್ಟಿತೆಂದು ಈ ಎರಡನೆಯ ಔಷಧವನ್ನು ಬಿಟ್ಟರೆ ರೋಗ ಮರುಕಳಿಸಬಹುದು. ಮನೆಯ ಇತರರಿಗೂ ದಾಟಬಹುದು.

ಮೂಗಿನ ದಾರಿ: ಕೆರೆಯಿಂದ ಮೆದುಳಿಗೆ

ಇನ್ನು ಎರಡನೆಯ ಅಮೀಬಾ. 1965ರಲ್ಲಿ ಆಸ್ಟ್ರೇಲಿಯಾದ ಮಾಲ್ಕಮ್ ಫೌಲರ್ ಮತ್ತು ಆರ್. ಎಫ್. ಕಾರ್ಟರ್ ಎಂಬ ವೈದ್ಯರು, ಅಮೀಬಾದಿಂದಾದ ಮೆದುಳಿನ ಉರಿಯೂತದಿಂದ ಮಕ್ಕಳು ಸತ್ತ ಪ್ರಕರಣಗಳನ್ನು ವರದಿ ಮಾಡಿದರು. ಆ ಅಮೀಬಾಕ್ಕೆ ಫೌಲರ್ ಅವರ ಹೆಸರಿನಿಂದಲೇ 'ನೇಗ್ಲೇರಿಯಾ ಫೌಲೆರಿ' ಎಂಬ ನಾಮಕರಣವಾಯಿತು. ಭಾರತದಲ್ಲಿ ಇಂತಹ ಪ್ರಕರಣಗಳ ವರದಿ 1971ರಲ್ಲಿ ಬಂತು. ಕರ್ನಾಟಕಕ್ಕೂ ಇದು ಹೊಸದಲ್ಲ: ಮಣಿಪಾಲದ ವೈದ್ಯರು ಮಗುವೊಂದರ ಸಾವಿಗೆ ಕಾರಣವಾದ ನೇಗ್ಲೇರಿಯಾ ಸೋಂಕನ್ನು 2005ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಿಸಿದ್ದಾರೆ.

ನೇಗ್ಲೇರಿಯಾ ಮನುಷ್ಯನನ್ನು ಅವಲಂಬಿಸಿದ ಜೀವಿಯಲ್ಲ. ಬೆಚ್ಚಗಿನ ಸಿಹಿನೀರಿನ ಕೆರೆ, ಕೊಳ, ಸರಿಯಾಗಿ ಕ್ಲೋರಿನ್ ಹಾಕದ ಈಜುಕೊಳಗಳಲ್ಲಿ ಬ್ಯಾಕ್ಟೀರಿಯಾಗಳನ್ನು ತಿನ್ನುತ್ತ ಬದುಕುತ್ತದೆ. 46 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯನ್ನೂ ತಾಳಬಲ್ಲುದು. ಸಮುದ್ರದ ಉಪ್ಪುನೀರಿನಲ್ಲಿ ಬದುಕಲಾರದು. ಮುಳುಗುವಾಗ, ಧುಮುಕುವಾಗ ನೀರು ರಭಸದಿಂದ ಮೂಗನ್ನು ಹೊಕ್ಕರೆ, ವಾಸನೆಯ ನರವನ್ನು ಹಿಡಿದು ಮೂಗಿನ ಮೇಲಿನ ತೂತುಗಳುಳ್ಳ ತೆಳು ಎಲುಬನ್ನು ದಾಟಿ ಅದು ಮೆದುಳನ್ನು ಸೇರುತ್ತದೆ. ಕುಡಿದ ನೀರಿನಿಂದ ಈ ರೋಗ ಬರುವುದಿಲ್ಲ. ಒಬ್ಬರಿಂದ ಇನ್ನೊಬ್ಬರಿಗೂ ಹರಡುವುದಿಲ್ಲ.

ಮೆದುಳನ್ನು ಸೇರಿದ ಮೇಲೆ ಅದರ ಕೈಯಲ್ಲಿಯೂ ಅದೇ ಬಗೆಯ ಆಯುಧ. 2002ರಲ್ಲಿ ಲೈಪೆ ಅವರ ತಂಡವೇ ಇದರಲ್ಲಿ 'ನೇಗ್ಲೇರಿಯಾಪೋರ್' ಎಂಬ ಎರಡು ಪ್ರೋಟೀನುಗಳನ್ನು ಗುರುತಿಸಿತು. ಇವು ಅಮೀಬಾಪೋರ್‌ನ ಬಂಧುಗಳು. ಬ್ಯಾಕ್ಟೀರಿಯಾಗಳನ್ನೂ ಮಾನವ ಜೀವಕೋಶಗಳನ್ನೂ ಕೊಲ್ಲಬಲ್ಲವು. ಅಮೀಬಾದ ಮೇಲ್ಮೈಯಲ್ಲಿ ಬಟ್ಟಲಿನಂತಹ ರಚನೆಗಳಿದ್ದು, ಅವುಗಳಿಂದ ಅದು ಜೀವಕೋಶಗಳ ತುಣುಕುಗಳನ್ನು ಹೀರಿ ನುಂಗುತ್ತದೆ. ಕೆರೆಯ ಕೆಸರಿನಲ್ಲಿ ಬ್ಯಾಕ್ಟೀರಿಯಾ ತಿನ್ನಲು ಇದ್ದ ಸಲಕರಣೆಗಳೇ ಇಲ್ಲಿ ಮೆದುಳಿನ ಮೇಲೆ ಪ್ರಯೋಗವಾಗುತ್ತವೆ.

ನೀರು ಮೂಗನ್ನು ಹೊಕ್ಕ 1ರಿಂದ 12 ದಿನಗಳೊಳಗೆ ತೀವ್ರ ತಲೆನೋವು, ಜ್ವರ, ವಾಂತಿ ಆರಂಭವಾಗುತ್ತವೆ; ಅನಂತರ ಕುತ್ತಿಗೆ ಬಿಗಿಯುವುದು, ಗೊಂದಲ, ಸೆಳವು. ಜಗತ್ತಿನಾದ್ಯಂತ ದಾಖಲಾದ ರೋಗಿಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಮಂದಿ ಮೃತಪಟ್ಟಿದ್ದಾರೆ. ಆದರೆ ನಿರಾಶೆಯೇ ಕೊನೆಯ ಮಾತಲ್ಲ. 2024ರ ಜುಲೈಯಲ್ಲಿ ಕೋಝಿಕ್ಕೋಡ್ ಜಿಲ್ಲೆಯ ಹದಿಹರೆಯದ ಬಾಲಕನೊಬ್ಬ ಈ ರೋಗದಿಂದ ಪಾರಾಗಿ ಮನೆಗೆ ಮರಳಿದ. ಅವನು ಕೊಳದಲ್ಲಿ ಈಜಿದ ಸಂಗತಿಯನ್ನು ಮನೆಯವರು ವೈದ್ಯರಿಗೆ ಬೇಗನೆ ತಿಳಿಸಿದ್ದು, ವೈದ್ಯರು ಬೇಗನೆ ಸಂಶಯಪಟ್ಟು ಚಿಕಿತ್ಸೆ ಆರಂಭಿಸಿದ್ದು ನೆರವಾಯಿತು. ಚಿಕಿತ್ಸೆಯಲ್ಲಿ ಬಳಸಿದ ಔಷಧಗಳಲ್ಲೊಂದಾದ ಮಿಲ್ಟೆಫೊಸಿನ್, 2002ರಲ್ಲಿ ಭಾರತದಲ್ಲಿ ಕಾಲಾ ಆಜಾರ್ ರೋಗಕ್ಕಾಗಿ ಅನುಮತಿ ಪಡೆದ ಔಷಧ. ಕೇರಳದ ಪ್ರಕರಣಗಳೆಲ್ಲವೂ ನೇಗ್ಲೇರಿಯಾದಿಂದ ಆದವಲ್ಲ. ಅಕಾಂತಮೀಬಾ ಮುಂತಾದ ಇತರ ಅಮೀಬಾಗಳೂ ಕಾರಣವಾಗಿವೆ. 2025ರ ನವೆಂಬರ್‌ನಲ್ಲಿ ಕರ್ನಾಟಕದ ಆರೋಗ್ಯ ಇಲಾಖೆಯು ಶಬರಿಮಲೆ ಯಾತ್ರಿಕರಿಗೆ, ನಿಂತ ನೀರಿನಲ್ಲಿ ಸ್ನಾನ ಮಾಡುವಾಗ ಮೂಗಿಗೆ ನೀರು ಹೋಗದಂತೆ ನೋಡಿಕೊಳ್ಳಬೇಕೆಂದು ಸಲಹೆ ನೀಡಿತು.

ನಮ್ಮ ನೀರು, ನಮ್ಮ ಎಚ್ಚರ

ಮುಂಬಯಿಗೆ ಕೊಳವೆಯ ನೀರು ಮೊದಲು ಬಂದದ್ದು 1860ರಲ್ಲಿ, ವಿಹಾರ್ ಕೆರೆಯಿಂದ. ಅನಂತರ ತುಳಸಿ, ತಾನ್ಸಾ, ವೈತರಣಾ, ಭಾತ್ಸಾ ಜಲಾಶಯಗಳು ಸೇರಿದವು. ಇಂದು ಬಹುಪಾಲು ನೀರು ಭಾಂಡುಪ್‌ನಲ್ಲಿ ಶುದ್ಧೀಕರಣಗೊಂಡು ಗುಡ್ಡದ ಮೇಲಿನ ಜಲಾಶಯಗಳ ಮೂಲಕ ನಗರಕ್ಕೆ ಹಂಚಿಕೆಯಾಗುತ್ತದೆ. ಬೈಕುಲ್ಲಾದ ಪಕ್ಕದ ಮಝ್‌ಗಾಂವ್ ಗುಡ್ಡದಲ್ಲಿಯೂ ಅಂತಹ ಜಲಾಶಯವಿದೆ. ಅಲ್ಲಿಂದ ಹೊರಟ ನೀರು ಶುದ್ಧವಾಗಿಯೇ ಇರುತ್ತದೆ. ತೊಂದರೆ ಇರುವುದು ಕೊನೆಯ ಹಾದಿಯಲ್ಲಿ. ದಿನಕ್ಕೆ ಕೆಲವೇ ಗಂಟೆ ನೀರು ಬಿಡುವ ಕಡೆ, ನೀರು ನಿಂತಾಗ ಹಳೆಯ ಕೊಳವೆಗಳ ಬಿರುಕಿನಿಂದ ಚರಂಡಿಯ ನೀರು ಒಳಸೇರಬಹುದು. ಹಳೆಯ ಚಾಳುಗಳ ನೆಲದಡಿಯ ಟಾಕಿ, ಮಾಳಿಗೆಯ ಟಾಕಿಗಳನ್ನು ವರ್ಷಗಟ್ಟಲೆ ತೊಳೆಯದೆ ಬಿಟ್ಟಿರುವುದೂ ಉಂಟು.

ಇಲ್ಲಿ ಎರಡು ಅಮೀಬಾಗಳ ನಡುವಿನ ವ್ಯತ್ಯಾಸವನ್ನು ಸ್ಪಷ್ಟವಾಗಿ ಗ್ರಹಿಸಬೇಕು. ನೇಗ್ಲೇರಿಯಾ ಸಾಕಷ್ಟು ಕ್ಲೋರಿನ್ ಇರುವ ನೀರಿನಲ್ಲಿ ಸಾಯುತ್ತದೆ. ಹಿಸ್ಟೊಲಿಟಿಕಾದ ಸಿಸ್ಟ್ ಮಾತ್ರ ಕುಡಿಯುವ ನೀರಿಗೆ ಹಾಕುವ ಸಾಮಾನ್ಯ ಪ್ರಮಾಣದ ಕ್ಲೋರಿನ್ನನ್ನು ತಾಳಿಕೊಳ್ಳುತ್ತದೆ. ಅದನ್ನು ಸೋಲಿಸುವುದು ಕುದಿಯುವ ನೀರು. ಆದ್ದರಿಂದ 'ಕ್ಲೋರಿನ್ ವಾಸನೆ ಬರುತ್ತಿದೆ, ಇನ್ನು ಭಯವಿಲ್ಲ' ಎಂಬ ಮಾತು ಒಂದಕ್ಕೆ ಸಲ್ಲುತ್ತದೆ, ಇನ್ನೊಂದಕ್ಕೆ ಸಲ್ಲದು.

ಬಾಯಿಯ ದಾರಿಯನ್ನು ಕಾಯಲು: ಕುಡಿಯುವ ನೀರನ್ನು ಗುಳ್ಳೆಗಳೆದ್ದು ಕುದಿಯುವವರೆಗೆ ಕಾಯಿಸಿ, ಕುದಿ ಬಂದ ಮೇಲೆ ಕನಿಷ್ಠ ಒಂದು ನಿಮಿಷ ಬಿಟ್ಟು ಇಳಿಸಬೇಕು. ಹಸಿಯಾಗಿ ಬಳಸುವ ಕೊತ್ತಂಬರಿ, ಸೌತೆಕಾಯಿಗಳನ್ನು ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಬೀದಿಯ ಕಬ್ಬಿನ ಹಾಲಿಗೆ ಹಾಕುವ ಮಂಜುಗಡ್ಡೆಯ ನೀರು ಎಲ್ಲಿಯದೆಂದು ಯೋಚಿಸಬೇಕು. ನಮ್ಮ ಸಮಾಜದ ಅನೇಕರು ಹೋಟೆಲ್ ಉದ್ಯಮದಲ್ಲಿದ್ದಾರೆ. ಲಕ್ಷಣಗಳಿಲ್ಲದ ಅಡುಗೆಯವರಿಂದಲೂ ಸಿಸ್ಟ್ ಹರಡಬಹುದಾದ ಕಾರಣ, ಶೌಚದ ನಂತರ ಸಾಬೂನಿನಿಂದ ಕೈ ತೊಳೆಯುವ ವ್ಯವಸ್ಥೆ ಕಾರ್ಮಿಕರಿಗೆ ಇದೆಯೇ, ಚಟ್ನಿಗೆ ಬಳಸುವ ನೀರು ಕಾಯಿಸಿದ್ದೇ ಎಂಬುದನ್ನು ಮಾಲೀಕರು ನೋಡಿಕೊಳ್ಳುವುದು ಗಿರಾಕಿಗಳಿಗೂ ಕಾರ್ಮಿಕರಿಗೂ ಮಾಡುವ ಉಪಕಾರ.

ಮೂಗಿನ ದಾರಿಯನ್ನು ಕಾಯಲು: ಬೇಸಿಗೆಯಲ್ಲಿ ಊರಿಗೆ ಹೋದಾಗ, ನೀರು ತಗ್ಗಿ ಬೆಚ್ಚಗಾದ ಕೆರೆ, ಮದಗ, ಪುಷ್ಕರಿಣಿಗಳಲ್ಲಿ ಮಕ್ಕಳನ್ನು ಧುಮುಕಲು, ಮುಳುಗಲು ಬಿಡಬಾರದು, ತಳದ ಕೆಸರನ್ನು ಕಲಕಬಾರದು. ತೀರ್ಥಸ್ನಾನ ಮಾಡಲೇಬೇಕೆಂದಿದ್ದರೆ ಮೂಗನ್ನು ಬಿಗಿಯಾಗಿ ಹಿಡಿದುಕೊಂಡು ಮುಳುಗಬೇಕು, ಇಲ್ಲವೇ ತಲೆಯನ್ನು ಮೇಲಿಟ್ಟೇ ಸ್ನಾನ ಮುಗಿಸಬೇಕು. ಜಲನೇತಿ ಮಾಡುವವರು ಕುದಿಸಿ ಆರಿಸಿದ ನೀರನ್ನು ಮಾತ್ರ ಬಳಸಬೇಕು. ಈಜುಕೊಳಕ್ಕೆ ಮಕ್ಕಳನ್ನು ಕಳುಹಿಸುವ ಮುನ್ನ ಅಲ್ಲಿ ಕ್ಲೋರಿನ್ ಪರೀಕ್ಷೆ ನಿತ್ಯವೂ ನಡೆಯುತ್ತದೆಯೇ ಎಂದು ವಿಚಾರಿಸಬೇಕು. ಊರಿನಿಂದ ಮರಳಿದ ಮಗುವಿಗೆ ಹಠಾತ್ ತಲೆನೋವು, ಜ್ವರ, ವಾಂತಿ ಬಂದರೆ 'ಕೆರೆಯಲ್ಲಿ ಈಜಿತ್ತು' ಎಂಬ ಒಂದು ವಾಕ್ಯವನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಮುಂಬಯಿಯ ವೈದ್ಯರಿಗೆ ಊರಿನ ಕೆರೆಯ ವಿಷಯ ನಾವು ಹೇಳದೆ ತಿಳಿಯುವುದಿಲ್ಲ.

ಭಯಪಡಬೇಕಾದಷ್ಟು ಈ ಎರಡನೆಯ ರೋಗ ಸಾಮಾನ್ಯವಲ್ಲ. ಅಲಕ್ಷಿಸಬಹುದಾದಷ್ಟು ಮೊದಲನೆಯದು ಅಪರೂಪವೂ ಅಲ್ಲ. ಅಮೀಬಾ ನಮ್ಮ ಜೀವಕೋಶವನ್ನು ಮುಟ್ಟಿದ ಮೇಲೆ ರಂಧ್ರ ಕೊರೆಯುವ ಅದರ ಕೆಲಸವನ್ನು ತಡೆಯುವ ಔಷಧ ಇನ್ನೂ ಬಳಕೆಗೆ ಬಂದಿಲ್ಲ. ಈಗಿರುವ ಔಷಧಗಳು ಅಮೀಬಾವನ್ನು ಕೊಲ್ಲುತ್ತವೆ, ಅದೂ ವೇಳೆ ಮೀರುವ ಮೊದಲು ತಲುಪಿದರೆ ಮಾತ್ರ. ಹಾಗಾಗಿ ಬಾಯಿಯ ಬಾಗಿಲಲ್ಲಿ ಕಾಯಿಸಿದ ನೀರು, ಮೂಗಿನ ಬಾಗಿಲಲ್ಲಿ ತುಸು ಎಚ್ಚರ, ಜ್ವರ ಬಂದಾಗ ವಿಳಂಬವಿಲ್ಲದ ವೈದ್ಯರ ಭೇಟಿ, ಈ ಮೂರನ್ನೂ ನಮ್ಮ ಮನೆಗಳ ರೂಢಿಯಾಗಿಸಿಕೊಳ್ಳೋಣ. ಮುಂದಿನ ರಜೆಗೆ ಊರಿಗೆ ಹೊರಡುವ ಎಲ್ಲ ಕುಟುಂಬಗಳಿಗೂ ಆರೋಗ್ಯವನ್ನು ಹಾರೈಸುತ್ತೇವೆ.